ಹಾಜರಿದ್ದರೆ ಅಪಘಾತವಲ್ಲ

ತೊಂಬತ್ತರ ದಶಕದಲ್ಲಿ ನಾನು ಕತಾರಿನ ರಾಸ್ ಲಫಾನಿನಲ್ಲಿ ಒಂದು ಅಮೆರಿಕನ್ ಗುತ್ತಿಗೆ ಕಂಪನಿಯಲ್ಲಿ ಹಾಜರಿ ಬರೆಯುವ ಟೈಮ್‌ಕೀಪರ್ ಆಗಿದ್ದೆ. ಬಸ್ಸು ಬರುವ ಮೊದಲೇ ಶೇವ್, ಸ್ನಾನ, ಇಸ್ತ್ರಿ ಅಂಗಿ ಮುಗಿದಿರಬೇಕು. ಓದುವ ದಿನಗಳಲ್ಲಿ ಹಾಸ್ಟೆಲಿನ ವಾರ್ಡನ್ ಬೆತ್ತ ಹಿಡಿದು ಕಲಿಸಿದ್ದು ಮರುಭೂಮಿಯಲ್ಲೂ ತಪ್ಪಲಿಲ್ಲ. ನಿಯಮವೊಂದಿದ್ದರೆ ನನಗೆ ಧೈರ್ಯ. ಆ ಧೈರ್ಯ ಕೈಕೊಟ್ಟದ್ದು ಅಲ್ಲೇ.

ನಮ್ಮ ಸೇಫ್ಟಿ ಮ್ಯಾನೇಜರ್ ಟೆಕ್ಸಾಸಿನವನು. ಆನೆಯಂಥ ಆಳು, ಮನಸ್ಸು ಬೆಣ್ಣೆ. 'ನಾವೆಲ್ಲ ಒಂದೇ ಕುಟುಂಬ' ಎನ್ನುತ್ತ ಕಂಡವರ ಹೆಗಲು ತಟ್ಟುತ್ತಿದ್ದ. ಅವನ ನಿಯಮ ಇಷ್ಟೇ: ಗಾಯಗೊಂಡವನು ಮರುದಿನ ಕೆಲಸಕ್ಕೆ ಬಾರದಿದ್ದರೆ ಅದು ಅಪಘಾತ, ಬಂದರೆ, ಅಪಘಾತ ಆಗಿಯೇ ಇಲ್ಲ. ವರ್ಷಪೂರ್ತಿ ಅಪಘಾತವಿಲ್ಲದಿದ್ದರೆ ಹ್ಯೂಸ್ಟನ್ನಿನ ಹೆಡ್ಡಾಫೀಸಿನಿಂದ ದೊಡ್ಡವರು ಬಂದು ಎಲ್ಲರಿಗೂ ಟೋಪಿ, ಜಾಕೆಟ್ಟು, ಬಾರ್ಬೆಕ್ಯೂ. ನಲವತ್ತೈದು ಡಿಗ್ರಿ ಬಿಸಿಲಿಗೆ ಜಾಕೆಟ್ಟು!

ಬಾಗಲಕೋಟೆ ಕಡೆಯ ಫಿಟ್ಟರ್ ಒಬ್ಬನ ಪಾದದ ಮೇಲೆ ಪೈಪು ಬಿತ್ತು. ಅವನಿಗೆ ಸಕ್ಕರೆ ಕಾಯಿಲೆ ಬೇರೆ. ಮರುದಿನ ಪಿಕಪ್ಪಿನಲ್ಲಿ ಹೊತ್ತು ತಂದು ನನ್ನ ಕ್ಯಾಬಿನ್ನಿನ ಕುರ್ಚಿಯಲ್ಲಿ ಕೂರಿಸಿದರು.

"ಇವನಿಗೇನು ಕೆಲಸ?" ಎಂದೆ.

"ನೋಡಿಕೊಳ್ಳುವುದು," ಎಂದ ಮ್ಯಾನೇಜರ್.

"ಏನನ್ನು?"

"ಸುರಕ್ಷತೆಯನ್ನು."

ಫಿಟ್ಟರ್ ದಿನವಿಡೀ ಕಾಲು ಇಳಿಬಿಟ್ಟು ಕೂತು ಸುರಕ್ಷತೆಯನ್ನು ನೋಡಿಕೊಂಡ. ನಾನು ಹಳೆ ಕಾರ್ಟನ್ನು ತಂದು ಕಾಲಡಿಗೆ ಇಟ್ಟೆ. ಆದರೂ ಬಾವು ಮೀನಖಂಡದವರೆಗೆ ಏರಿತು.

"ಕ್ಯಾಂಪಿನಲ್ಲಿ ಮಲಗಬಾರದೇನಪ್ಪ?"

"ಮಲಗಿದ್ರ ವೀಸಾ ಖಲಾಸ್ ರೀ ಸರ. ಫೋರ್ಮನ್ ಹೇಳ್ಯಾನ, ಒಂದ್ ದಿನಾ ತಪ್ಪಿದ್ರ ವಿಮಾನ ಹತ್ತಸ್ತೀನಿ ಅಂತ. ಊರಾಗ ಮನಿ ಗ್ವಾಡಿ ಎದ್ದಾವ, ಮ್ಯಾಲ ಛತ್ತ ಇಲ್ಲ. ನೀವು ಹಾಜರಿ ಹಾಕ್ರಿ, ಸಾಕು."

ಹಾಕಿದೆ. ಕೆಲವೇ ದಿನಗಳಲ್ಲಿ ಕಿರುಬೆರಳು ಕಪ್ಪಾಯಿತು. ಕ್ಯಾಬಿನ್ನಿನಲ್ಲಿ ವಾಸನೆ. ಬುತ್ತಿಯನ್ನು ಹೊರಗೆ ಬಿಸಿಲಿಗೆ ಒಯ್ದು ಬಿಚ್ಚತೊಡಗಿದೆ. ಬಾಯಿಬಿಟ್ಟರೆ ಇವನ ಕೆಲಸ ಹೋದೀತು, ಬಿಡದಿದ್ದರೆ ಕಾಲು. ಪ್ರತಿ ಬೆಳಿಗ್ಗೆ ಅವನ ಮುಖಕ್ಕಿಂತ ಮೊದಲು ಅವನ ಪಾದ ನೋಡುತ್ತಿದ್ದೆ. ಕಪ್ಪು ಪಕ್ಕದ ಬೆರಳಿಗೆ ದಾಟಿದ ದಿನ ಮ್ಯಾನೇಜರನ ಬಾಗಿಲು ತಟ್ಟಿದೆ.

ಅವನು ಓಡಿ ಬಂದು ನೋಡಿದ. ನಿಜವಾಗಿ ಅತ್ತ. "ಈಗಲೇ ಆಸ್ಪತ್ರೆಗೆ ಸೇರಿಸಿ!" ಎಂದು ಕೂಗಿದ. ಕಣ್ಣೊರೆಸಿಕೊಂಡು, ಮೆಲ್ಲಗೆ, "ಆದರೆ ಕೆಲಸ ತಪ್ಪಬಾರದು," ಎಂದ. ತುಸು ಯೋಚಿಸಿದವನ ಮುಖ ಅರಳಿತು. "ಟ್ರೇನಿಂಗ್! ನೀನು ಹಾಸಿಗೆ ಪಕ್ಕ ಕೂತು ಸೇಫ್ಟಿ ಪಾಠ ಹೇಳು. ಟ್ರೇನಿಂಗ್ ಕೂಡ ಡ್ಯೂಟಿಯೇ."

ಹಾಗೆ ನಾನು ದೋಹಾದ ಆಸ್ಪತ್ರೆಯಲ್ಲಿ ಮೇಷ್ಟರಾದೆ. ಏಣಿ ಹತ್ತುವ ಕ್ರಮ, ಬೆಂಕಿ ಆರಿಸುವ ಕ್ರಮ, ಭಾರ ಎತ್ತುವಾಗ ಮೊಣಕಾಲು ಬಾಗಿಸುವ ಕ್ರಮ. ಅವನು ಜ್ವರದಲ್ಲಿ 'ಹೂಂ' ಎನ್ನುತ್ತಿದ್ದ. ಪಕ್ಕದ ಹಾಸಿಗೆಯ ಮಲಯಾಳಿ ಮುದುಕ ಮಾತ್ರ ಚೆನ್ನಾಗಿ ಕಲಿತ.

ಎರಡು ಬೆರಳು ತೆಗೆಯಬೇಕು, ಮಿಕ್ಕ ಪಾದ ಉಳಿಯಬಹುದು ಎಂದರು ಡಾಕ್ಟರು. ಉಳಿಯಬಹುದು ಎಂಬ ಆ ಮಾತನ್ನು ಹಿಡಿದುಕೊಂಡು ಸ್ಟ್ರೆಚರಿನ ಜೊತೆ ನಡೆದೆ. ಆಪರೇಷನ್ ಥಿಯೇಟರಿನ ಬಾಗಿಲ ಬಳಿ ಅವನು ನನ್ನ ತೋಳು ಹಿಡಿದ.

"ಸರ, ಒಳಗ ಪ್ರಜ್ಞಾ ತಪ್ಪಸ್ತಾರಂತ. ಆವಾಗ ನಾ ಪಾಠ ಕೇಳಾಕ ಆಗೂದಿಲ್ಲಲ್ರೀ. ಗೈರುಹಾಜರಿ ಆಗತೈತೇನ್ರೀ?"

"ಇಲ್ಲಪ್ಪ," ಎಂದೆ. "ನಾನು ಹೊರಗೆ ನಿಂತು ಪಾಠ ಓದುತ್ತಿರುತ್ತೇನೆ."

ಬಾಗಿಲು ಮುಚ್ಚಿತು. ನಾನು ನಿಂತು ಓದಿದೆ.