ಪೈಪ್ ಇಲ್ಲದೇ ಮುಗಿಯಲಿ ಎಂದುಕೊಂಡಿದ್ದೆ

ಕಳೆದ ವರ್ಷ ಯುಗಾದಿ ಮುಗಿದ ವಾರ. ತುಮಕೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ನನ್ನ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದೆ ಎಂದರು. ನಾನು ಗುಬ್ಬಿಯಲ್ಲಿ ಬ್ಲೌಸ್ ಹೊಲಿಯುವವಳು, ಹೆಂಡದ ವಾಸನೆಯನ್ನೂ ಕಂಡವಳಲ್ಲ. ನನ್ನಂಥ ಸಕ್ಕರೆ ಕಾಯಿಲೆಯವರಿಗೆ ಲಿವರಿನಲ್ಲಿ ಕೊಬ್ಬು ಸೇರಿ ಹೀಗೂ ಆಗುತ್ತದಂತೆ. ಅನ್ನನಾಳದ ರಕ್ತನಾಳಗಳು ಊದಿಕೊಂಡಿರಬಹುದು, ಒಡೆದರೆ ರಕ್ತವಾಂತಿಯಾಗುತ್ತದೆ ಎಂದೂ ಹೇಳಿದರು.

ಕುಣಿಗಲ್‌ನಲ್ಲಿದ್ದ ನನ್ನಕ್ಕ ಸರೋಜ ಹೋದದ್ದು ಹಾಗೆಯೇ. ದೋಸೆ ಹುಯ್ಯುತ್ತಿದ್ದವಳು ಬಚ್ಚಲಿಗೆ ಓಡಿದಳು. ಆಸ್ಪತ್ರೆ ಸೇರುವಷ್ಟರಲ್ಲಿ ಉಸಿರಿರಲಿಲ್ಲ. ಅವತ್ತು ನಾನು ಅವಳ ಮನೆಯಲ್ಲೇ ಇದ್ದೆ. ಆ ಬಚ್ಚಲು ತೊಳೆದವಳು ನಾನೇ.

ಗಂಟಲಿಗೆ ಪೈಪ್ ಇಳಿಸಿ ನೋಡುವ ಎಂಡೋಸ್ಕೋಪಿ ಎಂದರೂ ನನಗೆ ಅಷ್ಟೇ ಭಯ. ಅದನ್ನು ಕಂಡು ಡಾಕ್ಟರು, "ಮೊದ್ಲು ಹೊರಗಿಂದಾನೇ ನೋಡೋಣಮ್ಮ. ಸ್ಕ್ಯಾನ್‌ನಲ್ಲಿ ಲಿವರ್ ತೀರಾ ಗಟ್ಟಿ ಇಲ್ದೆ, ರಕ್ತದಲ್ಲಿ ಪ್ಲೇಟ್‌ಲೆಟ್ ಚೆನ್ನಾಗಿದ್ರೆ ಸದ್ಯಕ್ಕೆ ಪೈಪ್ ಬೇಕಾಗಲ್ಲ" ಎಂದರು.

ಸ್ಕ್ಯಾನಿಗೆಂದು ಬಲಗೈ ತಲೆಯ ಕೆಳಗಿಟ್ಟು ಮಲಗಿದೆ. ಪಕ್ಕೆಲುಬಿನ ಸಂದಿಗೆ ತಣ್ಣನೆಯ ಜೆಲ್ ಹಚ್ಚಿ ಒಂದು ಉಪಕರಣ ಒತ್ತಿದರು. ಯಾರೋ ಬೆರಳಲ್ಲಿ ಟಕ್ ಟಕ್ ಎಂದು ಮೀಟಿದಂತಾಯಿತು, ನೋವಿರಲಿಲ್ಲ. ದೇವರೇ, ಇಷ್ಟರಲ್ಲೇ ಮುಗಿಸು ಎಂದು ಬೇಡಿಕೊಂಡೆ. ರಕ್ತವನ್ನೂ ಕೊಟ್ಟು ಬಂದೆ.

ಮರುದಿನ ರಿಪೋರ್ಟಿಗೆ ಒಬ್ಬಳೇ ಹೋದೆ. ಲಿವರ್ ತುಂಬಾ ಗಟ್ಟಿಯಿದೆ, ಪ್ಲೇಟ್‌ಲೆಟ್ ಕಡಿಮೆಯಿದೆ, ಪೈಪ್ ಹಾಕಿ ನೋಡಲೇಬೇಕು, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು. ತಲೆಯಾಡಿಸಿ ಹೊರಬಂದವಳು ಗುಬ್ಬಿ ಬಸ್ ಹತ್ತಲಿಲ್ಲ. ಯಾಕೋ ಏನೋ, ಕುಣಿಗಲ್ ಬಸ್ ಹತ್ತಿ ಅಕ್ಕನ ಮನೆಗೆ ಹೋದೆ.

ಭಾವ ಒಬ್ಬರೇ ಇದ್ದರು. ಎಲ್ಲ ಹೇಳಿ, ನನಗೆ ಆ ಪರೀಕ್ಷೆ ಬೇಡ ಎಂದೆ.

"ನಿಮ್ಮಕ್ಕಂಗೂ ಡಾಕ್ಟ್ರು ಇದನ್ನೇ ಮಾಡಿಸಿ ಅಂದಿದ್ರು ಕಣಮ್ಮ. ಅವ್ಳು ಹೆದ್ರುಕೊಂಡ್ಲು. ನಾನೂ, ಬುಡು, ಆಮೇಲೆ ನೋಡಣ ಅಂದ್ಬುಟ್ಟೆ."

ಈ ಸಂಗತಿ ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಅಲ್ಲಿಂದಲೇ ಯಜಮಾನರಿಗೆ ಫೋನ್ ಮಾಡಿ, ನಾಳೆ ಪರೀಕ್ಷೆಗೆ ಹೋಗೋಣ ಎಂದೆ.

ಮರುದಿನ ಯಜಮಾನರ ಜೊತೆ ಭಾವನೂ ಆಸ್ಪತ್ರೆಗೆ ಬಂದರು. ಗಂಟಲು ಮರಗಟ್ಟಲು ಔಷಧಿ ಹೊಡೆದರು. ಪೈಪ್ ಇಳಿಯುವಾಗ ಉಸಿರೇ ನಿಂತಿತೆನಿಸಿ ನರ್ಸಮ್ಮನ ಕೈಯನ್ನು ಉಗುರು ನಾಟುವಂತೆ ಹಿಡಿದೆ. ಒಳಗೆ ನಾಳಗಳು ಊದಿದ್ದವು, ಒಂದರ ಮೇಲೆ ಒಡೆಯುವ ಸೂಚನೆಯ ಕೆಂಪು ಗುರುತೂ ಇತ್ತಂತೆ. ಸಣ್ಣ ರಬ್ಬರ್ ಬ್ಯಾಂಡುಗಳನ್ನು ಹಾಕಿ ಆ ನಾಳಗಳನ್ನು ಆಗಲೇ ಬಿಗಿದರು. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಈಗಲೂ ಬಾಯಿ ಸ್ವಲ್ಪ ಉಪ್ಪುಪ್ಪೆನಿಸಿದರೆ ಸಾಕು, ರಕ್ತವೇನೋ ಎಂದು ಕನ್ನಡಿಯ ಮುಂದೆ ನಿಂತು ನಾಲಿಗೆ ನೋಡಿಕೊಳ್ಳುತ್ತೇನೆ. ಚೆಕಪ್ಪಿನ ಹಿಂದಿನ ದಿನ ಊಟ ಸೇರುವುದಿಲ್ಲ. ಆದರೆ ಧೈರ್ಯ ಬರಲಿ ಎಂದು ಕಾಯುವುದನ್ನು ಬಿಟ್ಟಿದ್ದೇನೆ. ನಡುಗುತ್ತಲೇ ಹೊರಡುತ್ತೇನೆ.