ವೇದಿಕೆಗೆ ಬೇಡವಾದ ಟೋಪಿ

ಪ್ರತಿ ಚುನಾವಣೆಯಲ್ಲೂ ವೇದಿಕೆಯ ಮೇಲೆ ನಾಯಕರ ಪಕ್ಕದಲ್ಲೇ ಕೂರುತ್ತಿದ್ದ ಹಾಸಿಗೆ ಅಂಗಡಿಯ ಸಾಹೇಬರನ್ನು ಕಂಡು, ಪಕ್ಷದ ಚುಕ್ಕಾಣಿ ಅವರ ಕೈಯಲ್ಲೇ ಇದೆಯೆಂದು ನಾವೆಲ್ಲ ನಂಬಿದ್ದೆವು. ಸಾಹೇಬರಿಗೆ ಈಗ ಬೇಕಿದ್ದದ್ದು ನಾಯಕರ ಒಂದೇ ಒಂದು ಮಾತು. ಊರಲ್ಲಿ ಗಲಭೆಯಾದ ದಿನ ಅಂಗಡಿಯಲ್ಲಿ ಹತ್ತಿ ತುಂಬುತ್ತಿದ್ದ ಅವರ ಮಗನನ್ನು ಪೊಲೀಸರು ಎಳೆದೊಯ್ದಿದ್ದರು. ಅವನಿನ್ನೂ ಜೈಲಿನಲ್ಲೇ ಇದ್ದ.

ಈ ಸಲ ನಾಯಕರೇ ಅಂಗಡಿಗೆ ಬಂದು, ಸಿಂಹಾಸನವೇರಿದಂತೆ ಹೊಸ ಹಾಸಿಗೆಯ ಮೇಲೆ ಕೂತರು.

"ಸಾಬ್ರೇ, ನೀವು ನಮ್ಮನೆಯವರಿದ್ದಂಗೆ. ನಿಮ್ಮ ಮುಸ್ಲಿಂ ಓಟೆಲ್ಲ ನಮಗೇ ಹಾಕಿಸ್ಬಿಡಿ. ವೇದಿಕೆಗೆ ಮಾತ್ರ ಬರಬೇಡಿ. ಟೋಪಿ ನೋಡಿದ್ರೆ ಉಳಿದ ಓಟು ಜಾರಿಹೋಗ್ತವೆ."

"ನನ್ನ ಮಗನ ವಿಷ್ಯ?"

"ಗೆದ್ಮೇಲೆ ನೋಡೋಣ. ನಮ್ಮ ಮೇಲೇನೂ ಬೇಜಾರಿಲ್ಲ ತಾನೇ?"

ಸಾಹೇಬರು ಹೊಲಿಯುತ್ತಿದ್ದ ಸೂಜಿಯನ್ನು ಕೆಳಗಿಟ್ಟರು.

"ಇದೆ. ಮೊದಲು ಮೇಲೇಳಿ, ಅದು ಮಾರೋ ಹಾಸಿಗೆ."