ಭೂಪಾಲ ಕಾಕಾರ ಪಾಸ್‌ವರ್ಡ್

ಮಿರಜಿನಲ್ಲಿ ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಭೂಪಾಲ ಕಾಕಾರಿಗೆ ತಮ್ಮ ಕಚೇರಿಯವರ ಮೇಲೆ ನಂಬಿಕೆ ಇತ್ತು. ಇಂಟರ್ನೆಟ್ಟಿನ ಮೇಲೆ ಇರಲಿಲ್ಲ. ಹೊರಗೆ ಹೋಗುವುದೆಲ್ಲ ಪ್ರಾಕ್ಸಿ ಎಂಬ ಒಂದು ಯಂತ್ರ ದಾಟಿಯೇ ಹೋಗಬೇಕು. ಅದರ ಪಾಸ್‌ವರ್ಡ್ ಕಾಕಾರೊಬ್ಬರಿಗೇ ಗೊತ್ತು. ಯಾರಿಗಾದರೂ ಬೇಕಾದರೆ ತಾವೇ ಎದ್ದು ಬಂದು, ಎಡಗೈಯಿಂದ ಕೀಬೋರ್ಡ್ ಮರೆಮಾಡಿ, ಬಲಗೈಯ ಒಂದೇ ಬೆರಳಿನಿಂದ ಒತ್ತುವರು.

ಕಚೇರಿಯ ಕೋಡ್ ಎಲ್ಲ ಪುಣೆಯ ಗಿಟ್ ಸರ್ವರಿನಲ್ಲಿತ್ತು. ಇಂಟರ್ನೆಟ್ ಲೈನು ಹೋದಾಗೆಲ್ಲ ಚಹಾ ಕುಡಿಯುತ್ತ ಕೂತು ಬೇಸತ್ತ ಕಚೇರಿಯ ಹುಡುಗಿ ಮೃಣಾಲ, ಅದರ ತದ್ರೂಪು ಮಿರಜಿನಲ್ಲೇ ಒಂದಿರಲಿ ಎಂದು ಹಳೆಯ ಕಂಪ್ಯೂಟರಿನಲ್ಲಿ ಮಿರರ್ ಸರ್ವರ್ ಹೂಡಿದಳು. ಅದು ತಾಸಿಗೊಮ್ಮೆ ಪುಣೆಗೆ ಹೋಗಿ ಹೊಸದನ್ನು ತರಬೇಕು; ಹೋದಾಗೆಲ್ಲ ಪ್ರಾಕ್ಸಿ ಪಾಸ್‌ವರ್ಡ್ ಕೇಳುತ್ತಿತ್ತು.

“ಕಾಕಾ, ಪಾಸ್‌ವರ್ಡ್ ಒಮ್ಮೆ ಸರ್ವರಿಗೆ ಹೇಳಿಬಿಡ್ರಿ.”

“ಯಾಕ, ನಾ ಇದ್ದೇನಲ್ಲ? ತಾಸಿಗೊಮ್ಮೆ ಬಂದು ಒತ್ತತೇನಿ.”

ಒತ್ತಿದರು. ಊಟದ ನಡುವೆ ಎದ್ದು ಬಂದೂ ಒತ್ತಿದರು. ಅಷ್ಟರಲ್ಲಿ ಕಸಬೆ ಡಿಗ್ರಜದಲ್ಲಿ ಅವರ ಹೆಂಡತಿ ಅಲಕಾ ಕಾಕುವಿನ ತಮ್ಮನ ಮಗಳ ಮದುವೆ ಬಂತು. ಅದೇ ಮಧ್ಯಾಹ್ನ ಬೇಡಗದ ಡೇರಿಯಲ್ಲಿ ಹಾಲಿನ ತೂಕ ತಪ್ಪು ತೋರಿಸತೊಡಗಿತು. ತಿದ್ದಿದ ಕೋಡ್ ಪುಣೆಯಲ್ಲಿತ್ತು. ಪಾಸ್‌ವರ್ಡ್ ಕೇಳಲು ಮೃಣಾಲ ಕಾಕಾರಿಗೆ ಫೋನ್ ಮಾಡಿದಳು. ಮದುವೆ ಮಂಟಪದಲ್ಲಿ ಬ್ಯಾಂಡ್ ಬಾರಿಸುತ್ತಿತ್ತು.

“ಕೇಳಸವಲ್ತು ಕಾಕಾ, ಜೋರಾಗಿ ಹೇಳ್ರಿ!”

ಕಾಕಾ ಮೂಲೆಗೆ ಸರಿದು, ಸುತ್ತಲೂ ನೋಡಿ, ಬ್ಯಾಂಡನ್ನು ನಂಬಿ ಗಂಟಲು ಹರಿಯುವಂತೆ ಕೂಗಿದರು. ಮಂಗಲಾಷ್ಟಕಕ್ಕೆಂದು ಬ್ಯಾಂಡಿನವರು ನಿಲ್ಲಿಸಿದ್ದೂ ಆಗಲೇ.

“ಅಲಕಾಗ ಅಂಜತೇನಿ! ಇಂಗ್ಲಿಷಿನ್ಯಾಗ, ಎಲ್ಲಾ ಕೂಡಿಸಿ ಬರಿ!”

ಅಕ್ಷತೆ ಹಿಡಿದ ಕೈಗಳು ಹಾಗೇ ನಿಂತವು. ಅಂತರಪಟದ ಆಚೆಯಿಂದ ಮದುಮಗಳು ಇಣುಕಿದಳು. ಅಲಕಾ ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ. “ಇಷ್ಟ್ ವರ್ಷ ಆತು, ಮನ್ಯಾಗ ಒಮ್ಮೆರೆ ಒಪ್ಪಿದ್ರೇನ್ರಿ?”

“ಅದು ಪಾಸ್‌ವರ್ಡ್ ಆಗೇತಿ!” ಎಂದರು ಕಾಕಾ.

“ಖರೇನ ಐತಿ,” ಎಂದ ಕಾಕುವಿನ ತಮ್ಮ. ಮಂಟಪವೆಲ್ಲ ನಕ್ಕಿತು.

ಅತ್ತ ಮಿರಜಿನಲ್ಲಿ ಕೋಡ್ ಇಳಿಯಿತು, ತೂಕ ಸರಿಹೋಯಿತು. ಮರುದಿನ ಕಾಕಾ ಬಂದವರೇ ಮೃಣಾಲಳನ್ನು ಕರೆದರು. “ಪ್ರಾಕ್ಸಿಯೊಳಗ ಆ ಸರ್ವರಿಗೆ ಬ್ಯಾರೆ ಖಾತೆ, ಬ್ಯಾರೆ ಪಾಸ್‌ವರ್ಡ್ ಮಾಡವ್ವಾ. ನನ್ನನ್ನ ಯಾರೂ ಏನೂ ಕೇಳಬಾರದು.”

ಅಂದಿನಿಂದ ಮಿರರ್ ತಾನೇ ಹೋಗಿ ತಾನೇ ಬರುತ್ತದೆ. ಲೈನು ಹೋದರೂ ಕೆಲಸ ನಿಲ್ಲುವುದಿಲ್ಲ. ಬಂದ ನೆಂಟರಿಗೆಲ್ಲ ಕಾಕಾ ಆ ಹಳೆಯ ಕಂಪ್ಯೂಟರ್ ತೋರಿಸಿ, “ಪುಣೇದ್ದೆಲ್ಲಾ ಇಲ್ಲೇ ಕುಂತೈತಿ” ಎನ್ನುತ್ತಾರೆ. ಡಿಗ್ರಜದವರು ಮಾತ್ರ ಕಂಪ್ಯೂಟರ್ ಬಿಟ್ಟು ಕಾಕಾರ ಮುಖ ನೋಡಿ ನಗುತ್ತಾರೆ.